ಪೀಪಾಯಿ ಉರುಳಿಸಿದವರ ಅಹವಾಲು

1981ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆಯು ಹೊರತಂದ ಆಟದಲ್ಲಿ ಕಬ್ಬಿಣದ ತೊಲೆಗಳ ತುದಿಯಲ್ಲಿ ನಿಂತು ಪೀಪಾಯಿಗಳನ್ನು ಉರುಳಿಸುತ್ತ, ನಾಣ್ಯ ಹಾಕಿ ಆಡುವ ಅಸಂಖ್ಯಾತ ಬಾಲಕರ ಶಾಪಕ್ಕೆ ಪಾತ್ರರಾದ ಡಾಂಕಿ ಕಾಂಗ್ ಮಹಾಶಯರು ಈಗ ವಯೋವೃದ್ಧರಾಗಿ, ಕ್ರ್ಯಾಂಕಿ ಕಾಂಗ್ ಎಂಬ ನಾಮಾಂತರವನ್ನು ಪಡೆದು, ನೀಳವಾದ ಬಿಳಿಗಡ್ಡವನ್ನು ನೀವಿಕೊಳ್ಳುತ್ತ ತೂಗುಕುರ್ಚಿಯಲ್ಲಿ ಕಾಲಕ್ಷೇಪ ಮಾಡುತ್ತಿರುವರು. ಖಳನನ್ನು ಕಾಣಹೋಗುವವನು ತೀರ್ಪನ್ನು ಮುಂಚಿತವಾಗಿಯೇ ಬರೆದಿಟ್ಟುಕೊಂಡು ಹೋಗುವುದು ಪತ್ರಿಕಾಧರ್ಮವಾದುದರಿಂದ ನಾನೂ ಹಾಗೆಯೇ ಹೋದೆನು.

ಪ್ರಶ್ನೆ: ನಿರಪರಾಧಿಯಾದ ಹೆಣ್ಣೊಬ್ಬಳನ್ನು ಹೊತ್ತು ಏಣಿ ಹತ್ತಿದವರು ತಾವು. ಆಕೆಯನ್ನು ಬಿಡಿಸಬಂದ ಮಾರಿಯೋನ ಮೇಲೆ ತಮಗಿರುವ ವೈರವು ನ್ಯಾಯಸಮ್ಮತವೆಂದು ಯಾವ ಬಾಯಿಂದ ಹೇಳುವಿರಿ?

ಉತ್ತರ: ನೀವು ಕಥೆಯನ್ನು ಎಲ್ಲಿಂದ ಎತ್ತಿಕೊಂಡಿರೋ ಅಲ್ಲಿಯೇ ನನ್ನ ತಕರಾರು, ಸ್ವಾಮಿ. ನಾಣ್ಯ ಬಿದ್ದು ಆಟ ಶುರುವಾದೊಡನೆ ನಾನು ಆಕೆಯನ್ನು ಎತ್ತಿಕೊಂಡು ಏಣಿ ಹತ್ತುತ್ತೇನೆ. ಮೇಲೆ ನಿಂತು ನೆಗೆನೆಗೆದು ತುಳಿದಂತೆ ನೆಟ್ಟಗಿದ್ದ ತೊಲೆಗಳೆಲ್ಲ ಸೊಟ್ಟಗಾಗುತ್ತವೆ. ಎಂದರೆ, ಆಟವು ಪ್ರಾರಂಭವಾಗುವುದೇ ನನ್ನ ಅಪರಾಧದಿಂದ. ಅದರ ಹಿಂದಿನ ಅಧ್ಯಾಯವನ್ನು ಪರದೆಯ ಮೇಲೆ ಕಂಡವರು ಯಾರು? ನಾನು ಆ ಬಡಗಿಯ ಸಾಕುಪ್ರಾಣಿಯಾಗಿದ್ದೆನೆಂದೂ, ಅವನು ನನ್ನನ್ನು ಕ್ರೂರವಾಗಿ ನಡೆಸಿಕೊಂಡುದರಿಂದಲೇ ತಪ್ಪಿಸಿಕೊಂಡು ಅವನ ಪ್ರೇಯಸಿಯನ್ನು ಒಯ್ದೆನೆಂದೂ, ಆಟವನ್ನು ಕಲ್ಪಿಸಿದ ಶಿಗೆರು ಮಿಯಾಮೊಟೊ ಅವರೇ ಹೇಳಿರುವರು.

ಪ್ರಶ್ನೆ: ಬಡಗಿಯೇ? ಮಾರಿಯೋ ಕೊಳಾಯಿ ರಿಪೇರಿಯವನಲ್ಲವೇ?

ಉತ್ತರ: ಅದು 1983ರಿಂದ ಈಚಿನ ಮಾತು. ನನ್ನ ಕಾಲದಲ್ಲಿ ಅವನು ಬಡಗಿ; ಜಂಪ್‌ಮ್ಯಾನ್ ಎಂದು ಕರೆಯುತ್ತಿದ್ದರು. ವೀರನಾದವನು ಹೆಸರನ್ನೂ ಕಸುಬನ್ನೂ ಬದಲಾಯಿಸಿಕೊಂಡರೆ ಹಳೆಯ ದಫ್ತರವೂ ಅದರೊಡನೆ ಮುಚ್ಚಿಹೋಗುವುದು. ನನಗಾದರೋ ಈ ಹುದ್ದೆಯು ಕೂಡ ಅರ್ಜಿ ಹಾಕಿ ಪಡೆದದ್ದಲ್ಲ. ನಿಂಟೆಂಡೊದವರು ಮೊದಲು ಮಾಡಹೊರಟಿದ್ದುದು ಪಪಾಯ್ ನಾವಿಕನ ಆಟವನ್ನು. ಅದಕ್ಕೆ ಅನುಮತಿ ದೊರೆಯದೆ ಬ್ಲೂಟೋ ಎಂಬ ದಾಂಡಿಗನ ಸ್ಥಾನ ಖಾಲಿಯಾಗಲು, ಅಲ್ಲಿ ನನ್ನನ್ನು ನಿಲ್ಲಿಸಿದರು. ಅಮೆರಿಕದಲ್ಲಿ ನನ್ನನ್ನು ತುಂಬಿದ್ದಾದರೂ ರೇಡಾರ್ ಸ್ಕೋಪ್ ಎಂಬ ಬೇರೊಂದು ಆಟದ, ಮಾರಾಟವಾಗದೆ ಉಳಿದಿದ್ದ, ಸುಮಾರು 2,000 ಪೆಟ್ಟಿಗೆಗಳಲ್ಲಿ. ಪಾತ್ರ ಇನ್ನೊಬ್ಬನದು, ಪೆಟ್ಟಿಗೆ ಮತ್ತೊಬ್ಬನದು. ಕೆಟ್ಟ ಹೆಸರು ಮಾತ್ರ ಸ್ವಯಾರ್ಜಿತ.

ಪ್ರಶ್ನೆ: ಆಗಲಿ. ಬಡಗಿಯ ತಪ್ಪಿಗೆ ಅವನ ಪ್ರೇಯಸಿ ಪಾಲೀನಳನ್ನು ಹೊತ್ತೊಯ್ದದ್ದು ಅತ್ತೆಯ ಮೇಲಿನ ಕೋಪವನ್ನು ಕೊತ್ತಿಯ ಮೇಲೆ ತೀರಿಸಿದಂತಾಗಲಿಲ್ಲವೇ?

(ಕುರ್ಚಿಯ ತೂಗಾಟ ನಿಂತಿತು. ಇದಕ್ಕೆ ಉತ್ತರವಿಲ್ಲವೆಂಬುದು ನನಗೆ ತಿಳಿದಿದ್ದಂತೆಯೇ ಅವರಿಗೂ ತಿಳಿದಿದ್ದುದರಿಂದ ಅವರು ವಕೀಲರ ಧಾಟಿಯನ್ನು ಹಿಡಿದರು.)

ಉತ್ತರ: ಆ ವಿಷಯವನ್ನು ಪ್ರತ್ಯೇಕವಾಗಿ ವಿಚಾರಿಸತಕ್ಕದ್ದು. ಶಿಕ್ಷೆಯ ಪ್ರಮಾಣವನ್ನು ನೋಡಿರಿ. 100 ಮೀಟರಿನ ಅಂತಸ್ತಿನಲ್ಲಿ ಅವನು 8 ರಿವೆಟ್ಟುಗಳನ್ನು ಕಳಚಿದೊಡನೆ ನಾನು ತಲೆಕೆಳಗಾಗಿ ಬೀಳುವೆನು; ಮೇಲೆ ಅವರಿಬ್ಬರ ನಡುವೆ ಹೃದಯದ ಚಿತ್ರವೊಂದು ಮೂಡುವುದು; ತಲೆಯ ಬುಗುಟು ಇಳಿಯುವ ಮುನ್ನವೇ ಮತ್ತೆ ಆಕೆಯನ್ನು ಹೊತ್ತು ಮೊದಲಿನಿಂದ ಹತ್ತಬೇಕು. 22ನೆಯ ಹಂತದಲ್ಲಿ ಯಂತ್ರದ ಲೆಕ್ಕವೇ ತಪ್ಪಿ, ಕ್ಷಣಗಳಲ್ಲಿ ಸಮಯ ತೀರಿ, ಅವನು ತನ್ನಷ್ಟಕ್ಕೆ ತಾನೇ ಸಾಯುತ್ತಾನೆ. ಆ ಹತ್ಯೆಯೂ ನನ್ನ ಖಾತೆಗೇ. ಇನ್ನು 1982ರಲ್ಲಿ ನನ್ನನ್ನು ಬೋನಿಗೆ ಹಾಕಿ, ಬಿಡಿಸಿಕೊಳ್ಳಲು ಬಳ್ಳಿಯಿಂದ ಬಳ್ಳಿಗೆ ಜೋತಾಡುತ್ತ ಬಂದ ನನ್ನ ಕಂದನ ಮೇಲೆ ಹಲ್ಲುಮಸೆಯುವ ಜಂತುಗಳನ್ನು ಛೂ ಬಿಟ್ಟವನು ಇದೇ ಮಾರಿಯೋ. ಆ ಆಟದಲ್ಲಿ ಖಳನು ಅವನೇ. ಅವನನ್ನು ಯಾರಾದರೂ ಸಂದರ್ಶಿಸಿದರೇ?

ಪ್ರಶ್ನೆ: ತಾವು ನ್ಯಾಯಾಲಯಕ್ಕೆ ಹೋಗಬಹುದಾಗಿತ್ತು.

ಉತ್ತರ: ಎಳೆದೊಯ್ದರು! ನಾನು ಕಿಂಗ್ ಕಾಂಗನ ನಕಲೆಂದು ಯೂನಿವರ್ಸಲ್ ಚಿತ್ರಸಂಸ್ಥೆಯು 1982ರಲ್ಲಿ ದಾವೆ ಹೂಡಿತು. ಆ ಕಥೆ ಸಾರ್ವಜನಿಕ ಸ್ವತ್ತೆಂದು ಹಿಂದೊಮ್ಮೆ ತಾನೇ ವಾದಿಸಿ ಗೆದ್ದುದನ್ನು ಅದು ಮರೆತಿತ್ತು. ನಮ್ಮ ವಕೀಲರಾದ ಜಾನ್ ಕರ್ಬಿಯವರು ಮರೆತಿರಲಿಲ್ಲ. ಗೆದ್ದೆವು. ಆದರೆ 1984ರಲ್ಲಿ ಮೇಲ್ಮನವಿಯ ನ್ಯಾಯಾಲಯವು ಕೊಟ್ಟ ಕಾರಣವನ್ನು ಕೇಳಿರಿ: ಕಿಂಗ್ ಕಾಂಗನದು ಗಂಭೀರ ಕಥೆ, ನನ್ನದು ಹಾಸ್ಯ, ಒಂದನ್ನು ಇನ್ನೊಂದೆಂದು ಯಾರೂ ಭ್ರಮಿಸಲಾರರು. ನನ್ನ ದುಃಖವು ಹಾಸ್ಯವೆಂಬುದಕ್ಕೆ ಸರ್ಕಾರಿ ಮೊಹರು ಬಿದ್ದಿತು. ವಕೀಲರಿಗೆ ನನ್ನ ಹೆಸರಿಟ್ಟ ಹಾಯಿದೋಣಿಯೊಂದು ಉಡುಗೊರೆಯಾಗಿ ಹೋಯಿತು.

ಪ್ರಶ್ನೆ: ಈಗಲಾದರೂ ವೈರ ಶಮನವಾಗಿದೆಯೇ?

ಉತ್ತರ: ನನ್ನ ಹೆಸರನ್ನು ಹೊತ್ತು ಟೈ ಧರಿಸಿದ ಹುಡುಗನೊಬ್ಬನಿರುವನು, ಮಗನೋ ಮೊಮ್ಮಗನೋ ಎಂಬುದನ್ನು ಕಂಪನಿಯವರೇ ಒಮ್ಮೆ ಒಂದು ಬಗೆ, ಇನ್ನೊಮ್ಮೆ ಇನ್ನೊಂದು ಬಗೆ ಹೇಳುವರು. ಅವನು ಮಾರಿಯೋನ ಜೊತೆಗೂಡಿ ಕಾರಿನ ಪಂದ್ಯ ಓಡಿಸುತ್ತಾನೆ, ಟೆನ್ನಿಸ್ ಆಡುತ್ತಾನೆ. ಮನೆತನದ ಹಗೆ ಎಂದರೆ ಆಕಳಿಸುತ್ತಾನೆ.

ಪ್ರಶ್ನೆ: ಪಾಲೀನ್?

ಉತ್ತರ: 2017ರ ಆಟದಲ್ಲಿ ನ್ಯೂ ಡಾಂಕ್ ಸಿಟಿಯ ಮೇಯರು. ನಗರದ ಉತ್ಸವದಲ್ಲಿ ನಮ್ಮ ಹಳೆಯ ಜಗಳವನ್ನೇ ಕಟ್ಟಡದ ಗೋಡೆಯ ಮೇಲೆ ಆಡಿಸಿ, ಬ್ಯಾಂಡಿನವರೊಡನೆ ತಾನು ಹಾಡಿದಳು. ಪೀಪಾಯಿ ಎಸೆಯುವ ಕೆಲಸಕ್ಕೆ ಯಥಾಪ್ರಕಾರ ನಾನೇ.

ಪ್ರಶ್ನೆ: ಹಾಗಾದರೆ ಆಕೆ ತಮ್ಮನ್ನು ಕ್ಷಮಿಸಿದಳೆನ್ನೋಣವೇ?

ಉತ್ತರ: ಕ್ಷಮಿಸಿದಳೋ, ಉತ್ಸವಕ್ಕೆ ಜನ ಸೇರಲೆಂದು ಸಹಿಸಿಕೊಂಡಳೋ, ನನಗೆ ತಿಳಿಯದು. ಅವಳನ್ನೇ ಹೋಗಿ ಕೇಳಿರಿ. ಇಷ್ಟು ವರ್ಷಗಳಲ್ಲಿ ನನ್ನ ಬಳಿಗೆ ನೀವು ಬಂದಿರಿ. ಅವಳ ಬಾಗಿಲಿಗೆ ನಿಮ್ಮವರು ಒಬ್ಬರೂ ಹೋಗಲಿಲ್ಲವಂತೆ.