ಅರ್ಧ ಟನ್ನಿನ ಯಜಮಾನ

ಅಮೆರಿಕದ ಸಣ್ಣ ಊರುಗಳಲ್ಲಿ ಬೇಸಿಗೆಯ ವಾರಾಂತ್ಯಗಳಂದು ನೆರೆಯುವ ಹಳೆಯ ವಾಹನಗಳ ಮೇಳದಲ್ಲಿ, ಬಾನೆಟ್ ಎತ್ತಿಟ್ಟ ಪಿಕಪ್ ಟ್ರಕ್ಕೊಂದರ ಪಕ್ಕ ಮಡಚುವ ಕುರ್ಚಿ ಹಾಕಿಕೊಂಡು ಕುಳಿತು, ನೋಡುವವರು ಮುಟ್ಟಿಹೋದ ಜಾಗವನ್ನು ಮೆತ್ತನೆಯ ಬಟ್ಟೆಯಿಂದ ಒರೆಸಲೆಂದು ಗಳಿಗೆಗೊಮ್ಮೆ ಏಳುವ, ಅರವತ್ತು ದಾಟಿದ ಗೃಹಸ್ಥನೊಬ್ಬನು ಸಿಕ್ಕೇ ಸಿಗುತ್ತಾನೆ. ಆತನ ವಾಹನವು ಬಹುಮಟ್ಟಿಗೆ ಷೆವರ್ಲೆ ಕಂಪನಿಯು 1947ರಲ್ಲಿ ಹೊರತಂದು 1955ರವರೆಗೆ ತಯಾರಿಸಿದ 3100 ಎಂಬ ಮಾದರಿಯದು. ಅದು ತಂದೆಯಿಂದಲೋ ಅಜ್ಜನಿಂದಲೋ ಬಂದದ್ದಾಗಿದ್ದು, ಬಂದ ಮೇಲೆ ಒಂದೆರಡು ದಶಕ ಶೆಡ್ಡಿನಲ್ಲಿ ನಿಂತು ಕೋಳಿಗಳಿಗೆ ಆಶ್ರಯ ಕೊಟ್ಟಿರುತ್ತದೆ; ಆ ಅವಧಿಯನ್ನು ಆತನು ‘ನಿಲ್ಲಿಸಿದಾಗ ಚೆನ್ನಾಗಿಯೇ ಓಡುತ್ತಿತ್ತು’ ಎಂಬ ಒಂದೇ ಮಾತಿನಲ್ಲಿ ದಾಟಿಸಿಬಿಡುತ್ತಾನೆ.

ಜೀರ್ಣೋದ್ಧಾರದ ಆರಂಭದಲ್ಲಿ ಆತನ ಉದ್ದೇಶವು ಅತ್ಯಂತ ಮಿತವಾದದ್ದು: ತುಕ್ಕು ಕೆರೆದು, ಬಣ್ಣ ಬಳಿದು, ಹಾಗೇ ಓಡಿಸುವುದು. ಆದರೆ ಮೂಲ ಎಂಜಿನ್ನು ಆರು ಸಿಲಿಂಡರಿನದು, 216 ಘನ ಅಂಗುಲದ, ಎಂದರೆ ಸುಮಾರು ಮೂರೂವರೆ ಲೀಟರಿನ ಸಾಧು ಯಂತ್ರ. ಇಂದಿನ ಹೆದ್ದಾರಿಯಲ್ಲಿ ಅದು ಏದುಸಿರು ಬಿಡುವುದನ್ನು ನೋಡಲಾರದೆ, ಅದೇ ಕಂಪನಿಯ 350 ಘನ ಅಂಗುಲದ, ಇಂಗ್ಲಿಷಿನ ವಿ ಅಕ್ಷರದಂತೆ ಎರಡು ಸಾಲಾಗಿ ಎಂಟು ಸಿಲಿಂಡರುಗಳಿರುವ ಎಂಜಿನ್ನನ್ನು ಕೂರಿಸಲಾಗುತ್ತದೆ. ಓಟ ಹೆಚ್ಚಿದ ಮೇಲೆ ಹಳೆಯ ಡ್ರಮ್ ಬ್ರೇಕುಗಳನ್ನು ನಂಬುವಂತಿಲ್ಲವಾದ್ದರಿಂದ ಡಿಸ್ಕ್ ಬ್ರೇಕು ಬರುತ್ತದೆ. ಅದರ ಬೆನ್ನಿಗೆ ಮುಂಬದಿಯ ಸಸ್ಪೆನ್ಷನ್ ಬದಲಾಗುತ್ತದೆ. 6 ವೋಲ್ಟಿನ ವೈರಿಂಗ್ ಹೋಗಿ 12 ವೋಲ್ಟಿನದು ಬರುತ್ತದೆ. ಇಷ್ಟೆಲ್ಲ ಆದ ಮೇಲೆ ಏಸಿ ಯಾಕಿರಬಾರದು ಎಂಬ ಪ್ರಶ್ನೆಯೂ ಏಳುತ್ತದೆ. ಇಲ್ಲೊಂದು ಗುಟ್ಟಿದೆ. ಹೀಗೆ ಹಾಕುವ ಮುಂಬದಿಯ ಸಸ್ಪೆನ್ಷನ್ ಅನೇಕ ಸಲ 1970ರ ದಶಕದ ಫೋರ್ಡ್ ಮಸ್ಟಾಂಗ್-2 ಕಾರಿನ ಮಾದರಿಯದು, ಹಿಂಬದಿಯ ಆಕ್ಸಲ್ಲೂ ಫೋರ್ಡಿನದೇ; ಹೀಗಾಗಿ ಫೋರ್ಡ್ ಎಂದರೆ ಮೂಗು ಮುರಿಯುವ ಈ ಕಟ್ಟಾ ಷೆವರ್ಲೆ ಭಕ್ತನ ನಿಷ್ಠೆಯು, ಚಕ್ರಗಳ ಮಟ್ಟಕ್ಕೆ ಬಂದಾಗ ತಕ್ಕಮಟ್ಟಿಗೆ ಸಡಿಲವಾಗಿರುತ್ತದೆ. ಕೆಳಗೆ ಯಾರು ಬಗ್ಗಿ ನೋಡುತ್ತಾರೆ ಎಂಬ ಧೈರ್ಯವೂ ಆತನಿಗೆ ಇರಲಾರದು, ಏಕೆಂದರೆ ಮೇಳಕ್ಕೆ ಬರುವವರು ಬಗ್ಗಿ ನೋಡಲೆಂದೇ ಬರುತ್ತಾರೆ.

ಹಳೆಯ ಟ್ರಕ್ಕುಗಳ ಭಕ್ತರಲ್ಲೇ ಬಹಳ ಉಗ್ರರಾದವರು ಮಡಿವಂತರು. ಕಾರ್ಖಾನೆಯಿಂದ ಹೊರಟಾಗ ಇದ್ದ ಒಂದು ತಿರುಪೂ ಬದಲಾಗಕೂಡದೆನ್ನುವ ಅವರ ಕಣ್ಣಿಗೆ ಎಂಟು ಸಿಲಿಂಡರಿನವನು ಪತಿತ. ಅವನ ಪಾಲಿಗೆ ಅವರು ವಸ್ತುಸಂಗ್ರಹಾಲಯದ ಕಾವಲುಗಾರರು. ಈಚೆಗೆ ತುಕ್ಕನ್ನು ಹಾಗೆಯೇ ಉಳಿಸಿ, ಅದು ಉದುರದಂತೆ ಮೇಲೆ ಪಾರದರ್ಶಕ ಲೇಪ ಬಳಿಸುವ ಮೂರನೆಯ ಪಂಗಡವೂ ಹುಟ್ಟಿಕೊಂಡಿದ್ದು, ಅದರ ಮಟ್ಟಿಗೆ ಉಳಿದ ಇಬ್ಬರಲ್ಲೂ ಒಮ್ಮತವಿದೆ.

ಹೀಗೆ ಹಳೆಯ ಒಡಲಿಗೆ ಬಲವಾದ ಎಂಜಿನ್ ಕೂರಿಸಿ, ಬೇಕಾದಂತೆ ತಗ್ಗಿಸಿ ಕತ್ತರಿಸಿದ ವಾಹನವನ್ನು ಹಾಟ್ ರಾಡ್ ಎನ್ನುತ್ತಾರೆ. ಇದರ ತವರು ದಕ್ಷಿಣ ಕ್ಯಾಲಿಫೋರ್ನಿಯಾ. 1930ರ ದಶಕದಲ್ಲಿ ಅಲ್ಲಿನ ಹುಡುಗರು ಅಗ್ಗದ ಫೋರ್ಡುಗಳನ್ನು ಕೊಂಡು, ಮಡ್‌ಗಾರ್ಡು ಮೊದಲಾದ ಭಾರವನ್ನೆಲ್ಲ ಕಿತ್ತೆಸೆದು, ಮ್ಯೂರಾಕಿನಂಥ ಬತ್ತಿದ ಕೆರೆಯಂಗಳಗಳಲ್ಲಿ ದೂಳೆಬ್ಬಿಸಿ ಓಡಿಸುತ್ತಿದ್ದರು. ಆ ಓಟಗಳಿಗೊಂದು ಕಟ್ಟುಪಾಡು ತರಲು 1937ರಲ್ಲಿ ಸಂಘವೂ, ಯುದ್ಧ ಮುಗಿದ ಮೇಲೆ 1948ರಲ್ಲಿ ಹಾಟ್ ರಾಡ್ ಎಂಬ ಹೆಸರಿನದೇ ಪತ್ರಿಕೆಯೂ ಹುಟ್ಟಿದವು. ಆ ಪರಂಪರೆಯ ಇಂದಿನ ವಾರಸುದಾರನಾದರೋ, ಬಾಗಿಲಿಗೆ ಬೆಂಕಿಯ ನಾಲಗೆಗಳನ್ನು ಬರೆಸಿ, ಬಣ್ಣಕ್ಕೆ ಕಲ್ಲು ಸಿಡಿದೀತೆಂಬ ಭಯದಿಂದ ಮುಂದಿನ ಲಾರಿಗೆ ಫರ್ಲಾಂಗು ದೂರ ಬಿಟ್ಟು, ಮಳೆಯ ಮುನ್ಸೂಚನೆಯನ್ನು ಎರಡು ಕಡೆ ಪರಿಶೀಲಿಸಿದ ನಂತರವೇ ಗಾಡಿಯನ್ನು ಹೊರತೆಗೆಯುತ್ತಾನೆ, ಹಾಗೂ ಆತನನ್ನು ಸೈಕಲ್ಲುಗಳು ಹಿಂದಿಕ್ಕುವುದೂ ಉಂಟು.

ಆದರೆ ಆತನ ಭಕ್ತಿಯ ಗರ್ಭಗುಡಿ ಎಂದರೆ ಹಿಂದಿನ ತೊಟ್ಟಿ. 3100 ‘ಅರ್ಧ ಟನ್ನಿನ’ ಟ್ರಕ್ಕು, ಅಂದರೆ ಸುಮಾರು 450 ಕಿಲೋ ಹೊರೆಗೆಂದು ಲೆಕ್ಕ ಹಾಕಿ ಕಟ್ಟಿದ್ದು. ತೊಟ್ಟಿಯ ತಳಕ್ಕೆ ಮರದ ಹಲಗೆಗಳನ್ನು ಜೋಡಿಸಿ, ಮೂಟೆಗಳು ಸರಾಗವಾಗಿ ಜಾರಲೆಂದು ನಡುನಡುವೆ ಉಕ್ಕಿನ ಪಟ್ಟಿಗಳನ್ನು ಬಡಿದಿರುತ್ತಿದ್ದರು. ಇಂದು ಆ ಹಲಗೆಗಳು ಓಕ್ ಮರದವು, ಮುಖ ಕಾಣುವಷ್ಟು ವಾರ್ನಿಷ್ ಕುಡಿದವು. ಹೊಳಪು ಕೊಟ್ಟ ಆ ಪಟ್ಟಿಗಳ ಮೇಲೆ ಮೂಟೆಯಿರಲಿ, ಮೊಮ್ಮಗನ ಚೆಂಡೂ ಜಾರುವಂತಿಲ್ಲ. ಹಿತ್ತಲ ತರಕಾರಿ ಮಡಿಗೆ ನಾಲ್ಕು ಚೀಲ ಗೊಬ್ಬರ ತಂದುಕೊಡಿ ಎಂದು ಹೆಂಡತಿ ಕೇಳಿದ ದಿನ, ಆತನು ಶೆಡ್ಡಿನ ಬಾಗಿಲಲ್ಲಿ ಸ್ವಲ್ಪ ಹೊತ್ತು ಯೋಚಿಸುತ್ತ ನಿಂತು, ನೆರೆಮನೆಯವನ ಹೊಸ ಪಿಕಪ್ಪನ್ನು ಎರವಲು ತರುತ್ತಾನೆ. ಸಂಜೆ ಅದನ್ನು ಹಿಂತಿರುಗಿಸುವಾಗ ತೊಟ್ಟಿಯನ್ನು ಗುಡಿಸಿಕೊಡುವುದಿಲ್ಲ. ಬದಲಿಗೆ, ಈಗಿನ ಟ್ರಕ್ಕುಗಳೆಲ್ಲ ಬರೀ ಷೋಕಿಗೆ, ದುಡಿಮೆ ಅಂದರೇನೆಂದು ಅವಕ್ಕೆ ಗೊತ್ತೇ ಇಲ್ಲ ಎಂದು ನೆರೆಯವನಿಗೆ ಗೇಟಿನಲ್ಲೇ ಮುಕ್ಕಾಲು ಗಂಟೆ ವಿವರಿಸುತ್ತಾನೆ.