‘ಜಾಯ್‌ಲ್ಯಾಂಡ್’ ಕಾದಂಬರಿಯ ರಸೆಲ್‌ಮಾರುಕಟ್ಟೀಯತೆ: ಒಂದು ಬಹುಶಿಸ್ತೀಯ ಅನುಸಂಧಾನ

ಸ್ಟೀಫನ್ ಕಿಂಗ್ ಅವರ ‘ಜಾಯ್‌ಲ್ಯಾಂಡ್’ (2013) ಅಮೆರಿಕದ ನಾರ್ತ್ ಕ್ಯಾರೊಲಿನಾದ ಮನರಂಜನಾ ಪಾರ್ಕೊಂದರ ಕಥೆಯೆಂಬ ಭ್ರಮೆ ವ್ಯಾಪಕವಾಗಿದೆ. ಕಾದಂಬರಿಯನ್ನು ಓದಿರುವುದೇ ಈ ಭ್ರಮೆಗೆ ಕಾರಣ. ಪ್ರಸ್ತುತ ಅಧ್ಯಯನ ಅಂಥ ಪೂರ್ವಗ್ರಹದಿಂದ ಮುಕ್ತ. ಕೃತಿಯ ನೈಜ ಭೂಮಿಕೆ ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರುಕಟ್ಟೆಯೇ ಎಂಬುದನ್ನು ಬಹುಶಿಸ್ತೀಯ, ಅಂತರ್‌ಪಠ್ಯೀಯ, ದೇಸಿ-ಮಾರ್ಗ-ಸಂಕರಾತ್ಮಕ ಪರಿಪ್ರೇಕ್ಷ್ಯದಲ್ಲಿ ಇಲ್ಲಿ ಸಾಧಿಸಲಾಗಿದೆ. ಅದಕ್ಕೆ ಏಳು ನೆಲೆಗಳುಂಟು.

ಮೊದಲನೆಯದು ಕಾಲಸಾಮ್ಯದ ನೆಲೆ. ಪ್ರೇಮಭಂಗವಾದ ಇಪ್ಪತ್ತೊಂದರ ಹುಡುಗ ಡೆವಿನ್ ಜೋನ್ಸ್ ಪಾರ್ಕಿನ ಕೆಲಸಕ್ಕೆ ಸೇರುವುದು 1973ರ ಬೇಸಿಗೆಯಲ್ಲಿ. ಮಾರುಕಟ್ಟೆಯ ಪಕ್ಕದ ಸೇಂಟ್ ಮೇರಿ ಚರ್ಚಿಗೆ ಪೋಪ್ ಆರನೆಯ ಪಾಲ್ ಬೆಸಿಲಿಕಾ ಪದವಿ ಕೊಟ್ಟದ್ದೂ 1973ರಲ್ಲೇ. ಇದನ್ನು ಕಾಕತಾಳೀಯ ಎನ್ನುವವರು ಸಿದ್ಧಾಂತ ಓದಿಲ್ಲ. ಜಾಯ್‌ಲ್ಯಾಂಡ್ ಸೆಪ್ಟೆಂಬರ್ ಬಂದರೆ ಬಾಗಿಲು ಹಾಕುತ್ತದೆ. ಇಲ್ಲಿ ಸೆಪ್ಟೆಂಬರ್ 8ರ ಮೇರಿ ಹಬ್ಬಕ್ಕೆ ಕಾವಿ ಬಟ್ಟೆ ತೊಟ್ಟ ಭಕ್ತರು ಬಂದು ಬೀದಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹೊಂದಿದರೆ ಸಾಮ್ಯ, ಹೊಂದದಿದ್ದರೆ ವಿಲೋಮ ಸಾಮ್ಯ. ಈ ವಿಧಾನದಲ್ಲಿ ಸೋಲೆಂಬುದಿಲ್ಲ.

ಎರಡನೆಯದು ವೇಷದ ನೆಲೆ. ಡೆವಿನ್ ಸುಡುಬಿಸಿಲಲ್ಲಿ ‘ಹೋವಿ’ ಎಂಬ ನಾಯಿಯ ತುಪ್ಪಳದ ವೇಷ ತೊಟ್ಟು ಮಕ್ಕಳೆದುರು ಕುಣಿಯುತ್ತಾನೆ. ರಸೆಲ್ ಮಾರುಕಟ್ಟೆಯಲ್ಲಿ ಹಮಾಲಿ ಹುಡುಗ ತಲೆಗೆ ಗೋಣಿ ಹೊದ್ದು, ಐಸ್‌ನೀರು ತೊಟ್ಟಿಕ್ಕುವ ಮೀನಿನ ಬುಟ್ಟಿ ಹೊರುತ್ತಾನೆ. ಇದನ್ನು ‘ಶ್ರಮಿಕ ದೇಹದ ಪ್ರಾಣೀಕರಣ ಸಂಕಥನ’ ಎನ್ನಬಹುದು. ಹುಡುಗನಿಗೆ ಕತ್ತು ನೋವು ಎಂದೂ ಅನ್ನಬಹುದು. ಆದರೆ ಅದಕ್ಕೆ ಅಂಕ ಸಿಗುವುದಿಲ್ಲ.

ಮೂರನೆಯದು ಅನುಪಸ್ಥಿತಿಯ ನೆಲೆ. ಮಾರುಕಟ್ಟೆಯನ್ನು ಕಟ್ಟಿದ್ದು 1927ರಲ್ಲಿ, 1933ರಲ್ಲಿ ಉದ್ಘಾಟಿಸಿದವರು ಇಸ್ಮಾಯಿಲ್ ಸೇಟ್, ಹೆಸರು ಮಾತ್ರ ಮುನಿಸಿಪಲ್ ಕಮಿಷನರ್ ಟಿ.ಬಿ. ರಸೆಲ್ ಅವರದು. ಪಾರ್ಕಿಗೆ ಟಿಕೆಟ್ ಇದೆ, ಮಾರುಕಟ್ಟೆಗೆ ಇಲ್ಲ. ಇಲ್ಲದ್ದು ಇರುವುದಕ್ಕಿಂತ ಹೆಚ್ಚಾಗಿ ಇರುತ್ತದೆಂದು ಫ್ರಾನ್ಸಿನಲ್ಲಿ ಯಾರಾದರೂ ಹೇಳಿಯೇ ಇರುತ್ತಾರೆ.

ನಾಲ್ಕನೆಯ ನೆಲೆಗೆ ಬರುವಷ್ಟರಲ್ಲಿ, ಇದನ್ನು ಮಂಡಿಸುತ್ತಿರುವ ಗೋಷ್ಠಿಯ ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಹೊರಗೆ ಹೋಳಿಗೆ ಬಡಿಸುತ್ತಿದ್ದಾರೆ. ಉಳಿದ ನೆಲೆಗಳನ್ನು ಮಂಡಿತವೆಂದೇ ಭಾವಿಸತಕ್ಕದ್ದು. ಯುಜಿಸಿ 2010ರಲ್ಲಿ ಅಧ್ಯಾಪಕರ ಬಡ್ತಿಗೆ ಎಪಿಐ ಅಂಕಗಳನ್ನು ತಂದ ಮೇಲೆ ಕೇಳುವವರಿಲ್ಲದಿದ್ದರೂ ಮಂಡಿಸುವವರಿಗೆ ಕೊರತೆಯಾಗಿಲ್ಲ. ಬಟ್ಟೆಚೀಲ, ಫೈಲು, ಪ್ರಮಾಣಪತ್ರ, ದುಡ್ಡು ಕಟ್ಟಿದರೆ ಐಎಸ್‌ಎಸ್‌ಎನ್ ಸಂಖ್ಯೆಯಿರುವ ಪತ್ರಿಕೆಯಲ್ಲಿ ಅಚ್ಚು. ಓದುಗನಿಗೆ ಅರ್ಥವಾಗದಂತೆ ಬರೆಯುವುದಕ್ಕೆ ಓದುಗನ ತೆರಿಗೆಯಿಂದಲೇ ಸಂಬಳ.

ಇಷ್ಟೆಲ್ಲ ನೆಲೆಗಟ್ಟು ಎಬ್ಬಿಸಿದ ವಿದ್ವತ್ತಿಗೆ ಒಂದು ಸಣ್ಣ ಸಂಗತಿ ಕಾಣಲಿಲ್ಲ. ‘ಜಾಯ್‌ಲ್ಯಾಂಡ್’ ಅಗ್ಗದ ಪತ್ತೇದಾರಿ ಪುಸ್ತಕಗಳಿಗೆ ಸಲ್ಲಿಸಿದ ಗೌರವ. ಪ್ರಕಾಶಕರಾದ ಹಾರ್ಡ್ ಕೇಸ್ ಕ್ರೈಮ್‌ನವರು ಹಳೆಯ ಶೈಲಿಯ ಬಣ್ಣದ ಮುಖಚಿತ್ರ ಬರೆಸಿದರು. ಜನ ಅಂಗಡಿಗೆ ಹೋಗಿ ಕೊಂಡು ಓದಲೆಂದು ಕಿಂಗ್ ಮೊದಲಿಗೆ ಇ-ಪುಸ್ತಕವನ್ನೇ ಬಿಡಲಿಲ್ಲ. ಎಡ್ಗರ್ ಪ್ರಶಸ್ತಿಯ ಅಂತಿಮ ಪಟ್ಟಿಗೂ ಅದು ಬಂತು. ಕೊಲೆಯ ಕಥೆಯೊಳಗೇ ಹುಡುಗನೊಬ್ಬ ದೊಡ್ಡವನಾಗುತ್ತಾನೆ. ಅದಕ್ಕಾಗಿ ಯಾರೂ ಕ್ಷಮೆ ಕೇಳಲಿಲ್ಲ.

ನಮ್ಮಲ್ಲಿ ಎನ್. ನರಸಿಂಹಯ್ಯ ಇದ್ದರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು. ಪುರುಷೋತ್ತಮ, ಮಧುಸೂದನ, ಅರಿಂಜಯ, ಗಾಳಿರಾಯ ಎಂಬ ಅವರ ಪತ್ತೇದಾರರು ಬಾಡಿಗೆ ಲೈಬ್ರರಿಗಳಿಂದ ಮನೆಮನೆಗೆ ಹೋಗಿ, ಪಠ್ಯಪುಸ್ತಕದ ನಡುವೆ ಅಡಗಿ ಕೂತರು. ಕನ್ನಡದಲ್ಲಿ ಓದುವ ಚಟ ಎಷ್ಟು ಜನಕ್ಕೆ ಹತ್ತಿದ್ದು ಅಲ್ಲಿಂದ! ಹಾಗೆ ಓದುತ್ತ ದೊಡ್ಡವರಾದವರಲ್ಲೇ ಕೆಲವರು ಮುಂದೆ ಮೇಷ್ಟರಾಗಿ, ಆ ಪುಸ್ತಕಗಳನ್ನು ‘ಜನಪ್ರಿಯ’ ಎಂಬ ಒಂದು ಬೈಗುಳದಲ್ಲಿ ಮುಗಿಸಿದರು. ಅದೇ ಮಾಲು ಅಮೆರಿಕದಿಂದ ಬಂದರೆ ವೇದಿಕೆ, ಮೈಕು, ಹಾರ.

ನರಸಿಂಹಯ್ಯ 2011ರ ಡಿಸೆಂಬರಿನಲ್ಲಿ ತೀರಿಕೊಂಡರು. ಎರಡು ತಿಂಗಳಿಗೆ, 2012ರ ಫೆಬ್ರವರಿಯಲ್ಲಿ, ರಸೆಲ್ ಮಾರುಕಟ್ಟೆಗೆ ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಮಳಿಗೆಗಳು ಸುಟ್ಟವು. ಕಾಲಸಾಮ್ಯದ ನೆಲೆಗೆ ಇದಕ್ಕಿಂತ ಒಳ್ಳೆಯ ಸರಕು ಸಿಗದು. ಬೇಡ, ಬಿಟ್ಟುಬಿಡೋಣ.

ಪಾರ್ಕಿನ ‘ಹಾರರ್ ಹೌಸ್’ನಲ್ಲಿ ಲಿಂಡಾ ಗ್ರೇಯನ್ನು ಕೊಂದವನು ಯಾರೆಂಬ ಪ್ರಶ್ನೆ ಈ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ. ಪತ್ತೇದಾರ ಪುರುಷೋತ್ತಮನಾಗಿದ್ದರೆ ಕಂಡುಹಿಡಿಯುತ್ತಿದ್ದ, ಅದೂ ಅಡಿಟಿಪ್ಪಣಿಯಿಲ್ಲದೆ.