ದುಬೈಯಲ್ಲಿರುವ ಸ್ವಿಚ್ಚು

ನಮ್ಮ ಪಕ್ಕದ ಮನೆಗೆ ವರ್ಷದಲ್ಲಿ ಹನ್ನೊಂದು ತಿಂಗಳು ಬೀಗ. ನಮ್ಮೂರು ಹೆಬಳೆಯಲ್ಲಿ ಅದೇನು ಹೊಸತಲ್ಲ ಬಿಡಿ. ಆದರೆ ಸಂಜೆ ಆರೂವರೆ ಆಯಿತೆಂದರೆ ಅದರ ಜಗಲಿ ದೀಪ ತಾನಾಗಿ ಹತ್ತುತ್ತದೆ. ದುಬೈಯಲ್ಲಿ ಆಗ ಐದು ಗಂಟೆ. ಆ ಮನೆಯ ಹುಡುಗ ಅಲ್ಲಿ ಮೊಬೈಲ್ ಒತ್ತುತ್ತಾನೆ, ಇಲ್ಲಿ ಬೆಳಕು. ಮೊದಲ ವಾರ ಅಮ್ಮ ಆ ಕಡೆ ಮುಖ ಹಾಕಲಿಲ್ಲ. ಈಗ ಅದು ಹತ್ತಿದ ಮೇಲೇ ದೇವರ ದೀಪಕ್ಕೆ ಎಣ್ಣೆ ಹೊಯ್ಯುತ್ತಾಳೆ.

ಮಳೆಗಾಲದಲ್ಲಿ ಮಾತ್ರ ಫಜೀತಿ. ಎಲ್ಲೋ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಗಿ, ರಾತ್ರಿ ಎರಡು ಗಂಟೆಗೆ ಬಂತು ಅನ್ನಿ, ಆ ಮನೆಯ ಸ್ಮಾರ್ಟ್ ಬಲ್ಬುಗಳೆಲ್ಲ ಒಟ್ಟಿಗೆ ಝಗ್ಗನೆ ಹತ್ತುತ್ತವೆ. ಕರೆಂಟು ಬಂದ ಕೂಡಲೇ ಹತ್ತಿಕೊಳ್ಳುವುದು ಅವುಗಳ ಹುಟ್ಟುಗುಣವಂತೆ. ಬೀಗ ಹಾಕಿದ ಮನೆಯಲ್ಲಿ ನಡುರಾತ್ರಿ ಮದುವೆಮನೆಯ ಬೆಳಕು! ಒಡೆಯ ದುಬೈಯಲ್ಲಿ ಗೊರಕೆ ಹೊಡೆಯುತ್ತಿರುತ್ತಾನೆ, ಆರಿಸುವವರು ಯಾರು?

ನಮ್ಮ ಮನೆಯ ವೈರಿಂಗಿಗೆ ಅಷ್ಟು ಬಿನ್ನಾಣವಿಲ್ಲ. ಮರದ ರೀಪಿನ ಮೇಲೆ ತಗಡಿನ ಕ್ಲಿಪ್ಪು ಬಡಿದು ಎಳೆದ ವೈರು, ಕಪ್ಪು ಗುಂಡು ಸ್ವಿಚ್ಚು. ಜಗಲಿಯ ಬೋರ್ಡಿನಲ್ಲಿ ಐದನೆಯ ಸ್ವಿಚ್ಚು ಯಾವುದರದ್ದೆಂದು ಅಪ್ಪನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿಲ್ಲ. ಒತ್ತಿದರೆ ಏನೂ ಆಗುವುದಿಲ್ಲ. ಆದರೂ ಮಲಗುವ ಮುಂಚೆ ಅದು ಆರಿದೆಯೋ ಅಂತ ನೋಡಿಯೇ ಮಲಗುವುದು. ನಿಮ್ಮಲ್ಲೂ ಅಂಥದೊಂದು ಇರಬೇಕು, ಅಲ್ವಾ?

ಮೊನ್ನೆ ವೈರಿಂಗಿನವನನ್ನು ಕರೆಸಿದ್ದೆ. ಮೀಸೆ ಚಿಗುರುತ್ತಿರುವ ಹುಡುಗ. ಗೋಡೆ ಕೊರೆದು ಪೈಪು ಹೂಳುವ ಅಂದ. ಚಿರೆಕಲ್ಲಿನ ಗೋಡೆ ಮಾರಾಯಾ, ಕೊರೆದರೆ ಬರುವ ದೀಪಾವಳಿಯವರೆಗೂ ಅನ್ನಕ್ಕೆ ಕೆಂಪು ಧೂಳು ಅಂದೆ. ಅವನಿಗೆ ಅದರ ಚಿಂತೆಯಿಲ್ಲ. "ಇನ್ನೇನಿದ್ರೂ ಡಿಸಿ ಕರೆಂಟಿನ ಕಾಲ ಮಾಸ್ತರ್ರೆ. ಎಲ್ಇಡಿ, ಮೊಬೈಲು, ಹೊಸ ಫ್ಯಾನು, ಎಲ್ಲ ಒಳಗೆ ಡಿಸಿನೇ. ಮಾಡಿನ ಮೇಲಿನ ಸೋಲಾರೂ ಡಿಸಿ. ಅದನ್ನ ಎಸಿ ಮಾಡಿ ಮತ್ತೆ ಡಿಸಿ ಮಾಡೂದು ಎಂತಕ್ಕೆ?"

ಮಾತಾಡದೆ ಅಟ್ಟ ಹತ್ತಿ ಒಂದು ಸುರುಳಿ ತಂದು ಅವನ ಮುಂದಿಟ್ಟೆ. ಕೆಂಪು ಒಂದು, ಕಪ್ಪು ಒಂದು, ಜೋಡಿ ವೈರು. ಹರೀಶ್ ಹಂದೆಯವರ ಸೆಲ್ಕೊ 1995ರಲ್ಲಿ ಶುರುವಾಯಿತಲ್ಲ, ಆಮೇಲೆ ಕರಾವಳಿ, ಘಟ್ಟದ ಮೇಲೆ ಅಂತಿಲ್ಲದೆ ಸೋಲಾರ್ ದೀಪ ಹಾಕಿಸುವ ಹುಮ್ಮಸ್ಸು. ನಮ್ಮಪ್ಪನೂ ಹಾಕಿಸಿದ್ದ: ನಾಲ್ಕು ದೀಪ, ಹನ್ನೆರಡು ವೋಲ್ಟು, ಪೂರ್ತಿ ಡಿಸಿ. ಈ ವೈರು ಅದರದ್ದೇ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹೊಯ್ಯುವುದು ನನ್ನ ಪಾಲಿನ ಕೆಲಸ. ಹೊಯ್ಯುವಾಗ ಲುಂಗಿಯ ಮೇಲೆ ಆಸಿಡ್ ಸಿಡಿದು, ಮೂರನೆಯ ಒಗೆತಕ್ಕೆ ಅಲ್ಲಿ ಜರಡಿಯ ಹಾಗೆ ತೂತು!

ಆ ಡಿಸಿಯಲ್ಲಿ ದೀಪ ಉರಿಯುತ್ತಿತ್ತೇ ಹೊರತು ಮಿಕ್ಸಿ ತಿರುಗುತ್ತಿರಲಿಲ್ಲ. ಅರವತ್ತು ವ್ಯಾಟಿಗೆ 230 ವೋಲ್ಟಿನಲ್ಲಿ ಕಾಲು ಆಂಪಿಯರ್ ಸಾಕು. 12 ವೋಲ್ಟಿನಲ್ಲಿ ಐದು ಬೇಕು. ವೈರು ಹೆಬ್ಬೆರಳಷ್ಟು ದಪ್ಪವಾಗಬೇಕು, ಇಲ್ಲವೇ ಅಡುಗೆಮನೆ ಮುಟ್ಟುವಷ್ಟರಲ್ಲಿ ದೀಪ ಮಂಕು. ಅದಕ್ಕೇ ಈಗ 48 ವೋಲ್ಟು ಅನ್ನುತ್ತಾರೆ. ಐಐಟಿ ಮದ್ರಾಸಿನ ಅಶೋಕ್ ಝುಂಝುನ್‌ವಾಲಾ ಅವರು ಅದನ್ನು ಮನೆಗಳಿಗೆ ಕೊಟ್ಟು ತೋರಿಸಿದ್ದಾರೆ, 2017ರಲ್ಲಿ ಬಿಐಎಸ್ ಅದಕ್ಕೊಂದು ಮಾನಕವನ್ನೂ ತಂದಿದೆ. ಆದರೆ ನಮ್ಮ ಮಾಮೂಲಿ ಸ್ವಿಚ್ಚು ಡಿಸಿಗೆ ಬಾಳುವುದಿಲ್ಲ. ಎಸಿ ಸೆಕೆಂಡಿಗೆ ನೂರು ಸಲ ಸೊನ್ನೆಗಿಳಿಯುವುದರಿಂದ ಕಿಡಿ ತಾನೇ ಸಾಯುತ್ತದೆ. ಡಿಸಿ ಕಿಡಿ ಬಿಡಲೊಲ್ಲದ ನೆಂಟನ ಹಾಗೆ ಜೋತುಬೀಳುತ್ತದೆ. ಹುಡುಗ ಸುರುಳಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ತಾಮ್ರ ಒಳ್ಳೇದುಂಟು, ಕೊಡ್ತ್ರಾ?" ಅಂದ. ಕೊಡಲಿಲ್ಲ.

ಹಾಗಂತ ನಮ್ಮೂರಿಗೆ ಡಿಸಿ ನಾಳೆಯೇ ಬರುತ್ತದೆಂದು ನನಗನ್ನಿಸುವುದಿಲ್ಲ. ಸರ್ಕಾರದ ಗೃಹಜ್ಯೋತಿಯಲ್ಲಿ 200 ಯುನಿಟ್‌ವರೆಗೆ ಸೊನ್ನೆ ಬಿಲ್ಲು ಬರುವಾಗ ಮಾಡಿನ ಮೇಲೆ ಸೋಲಾರ್ ಹಲಗೆ ಹೊರಿಸುವ ತಲೆನೋವು ಯಾರಿಗೆ ಬೇಕು? ಇಲ್ಲಿ ಹೊಸತು ಬಂದರೂ ಹಳತು ಎದ್ದು ಹೋಗುವುದಿಲ್ಲ, ಪಕ್ಕಕ್ಕೆ ಸರಿದು ಕೂರುತ್ತದೆ. ನಮಗೆ ಕರೆಂಟು ಕೊಡುವ ಹೆಸ್ಕಾಂ ಹುಟ್ಟಿದ್ದು 2002ರಲ್ಲಿ. ಅಮ್ಮನ ಬಾಯಲ್ಲಿ ಲೈನ್‌ಮನ್ ಇನ್ನೂ "ಕೆಇಬಿಯವ"!

ಹೊರಡುವ ಮುಂಚೆ ಹುಡುಗ ಒಂದು ಮಾತು ಸರಿಯಾಗಿ ಕೇಳಿದ: "ಅರ್ಥ್ ಗುಂಡಿ ಎಲ್ಲುಂಟು?" ಹಿತ್ತಲಲ್ಲಿ ಬಾಳೆಯ ಪಕ್ಕ ತೋರಿಸಿದೆ. ಇದ್ದಿಲು, ಉಪ್ಪು, ನಡುವೆ ಕಬ್ಬಿಣದ ಪೈಪು. ಅಮ್ಮ ಬೇಸಿಗೆಯಿಡೀ ಅಕ್ಕಿ ತೊಳೆದ ನೀರು ಅಲ್ಲಿಗೇ ಹೊಯ್ಯುತ್ತಾಳೆ, ಮಣ್ಣು ಒಣಗಿದರೆ ಅರ್ಥ್ ಹಿಡಿಯುವುದಿಲ್ಲವಲ್ಲ. ಬೇಲಿಯಾಚೆ ಇಣುಕಿದರೆ ದುಬೈ ಮನೆಯ ಗುಂಡಿ ಬಿರುಕು ಬಿಟ್ಟಿತ್ತು. ಅದಕ್ಕೂ ಒಂದು ಕೊಡ ನೀರು ಹೊಯ್ದು ಬಂದೆ. ನಿಮ್ಮ ಮನೆಯದನ್ನೂ ಒಮ್ಮೆ ನೋಡಿ ಮಾರಾಯ್ರೆ, ಮಳೆ ಬರಲಿಕ್ಕೆ ಇನ್ನೂ ಒಂದು ತಿಂಗಳಿದೆ.